200 ಎಂಬಿಪಿಎಸ್‌ಗೆ ಹಣ ಕಟ್ಟುತ್ತಿದ್ದರೂ ಹಿಂದಿನ ಕೋಣೆಗೆ 8 ದಾಟುವುದಿಲ್ಲ: ಯೋಜನೆ ಬದಲಿಸಬೇಕೋ, ರೂಟರ್ ಬದಲಿಸಬೇಕೋ?

ಪ್ರಶ್ನೆ: ಮಾಳಮಡ್ಡಿ ಹಳೆಮನೆ, ಧಾರವಾಡ

ಎಲ್ಲರಿಗೂ ನಮಸ್ಕಾರ. ಮಾಳಮಡ್ಡಿಯಲ್ಲಿ ನಮ್ಮ ಮಾವನವರು ಕಟ್ಟಿಸಿದ ಮನೆಯಲ್ಲಿ ನಾವು ಐದು ಜನ ಇದ್ದೇವೆ. ಮುಂದೆ ಪಡಸಾಲೆ, ಅದರ ಹಿಂದೆ ನಡುಮನೆ, ಆಮೇಲೆ ಅಡುಗೆಮನೆ, ಕಡೆಗೆ ಹಿತ್ತಲಿಗೆ ಹೊಂದಿಕೊಂಡ ಒಂದು ಕೋಣೆ, ಹೀಗೆ ಉದ್ದಕ್ಕೆ ಸಾಗುವ ಹಳೆಯ ಪದ್ಧತಿಯ ಮನೆ. ಒಳಗಿನ ಗೋಡೆಗಳೂ ಕಲ್ಲುಮಣ್ಣಿನವು. ಒಂದೂವರೆ ಅಡಿಗಿಂತ ತೆಳ್ಳಗಿನ ಗೋಡೆ ಯಾವುದೂ ಇಲ್ಲ. ಬೇಸಿಗೆಯಲ್ಲಿ ಮನೆ ತಂಪಾಗಿರುವುದು ಆ ಗೋಡೆಗಳಿಂದಲೇ. ಇಂಟರ್‌ನೆಟ್ಟಿನ ವಿಷಯಕ್ಕೆ ಬಂದರೆ ಅವೇ ಅಡ್ಡಿಯಾಗಿವೆಯೇನೋ ಎಂಬ ಸಂಶಯ ಈಗ ಬಂದಿದೆ.

ಎರಡು ವರ್ಷಗಳ ಹಿಂದೆ ನಮ್ಮ ಓಣಿಗೆ ಕೇಬಲ್ ಟಿವಿ ಕೊಡುವವರಿಂದಲೇ ಫೈಬರ್ ಸಂಪರ್ಕ ಪಡೆದೆವು. ಮೊದಲು 100 ಎಂಬಿಪಿಎಸ್ (ಸೆಕೆಂಡಿಗೆ ಇಷ್ಟು ಮೆಗಾಬಿಟ್ ಎಂಬ ವೇಗದ ಅಳತೆ) ಯೋಜನೆ ಇತ್ತು. ಮಗಳು ಮನೆಯಿಂದಲೇ ಕಚೇರಿ ಕೆಲಸ ಮಾಡತೊಡಗಿದ ಮೇಲೆ, ಎಂಟು ತಿಂಗಳ ಹಿಂದೆ, 200ಕ್ಕೆ ಏರಿಸಿಕೊಂಡೆವು. ಪಡಸಾಲೆಯಲ್ಲಿ ಟಿವಿಯ ಪಕ್ಕದಲ್ಲಿ ಫೈಬರ್ ಬಂದು ಸೇರುವ ಚಿಕ್ಕ ಬಿಳಿ ಪೆಟ್ಟಿಗೆ ಇದೆ. ಅದರಿಂದ ಒಂದು ಗೇಣುದ್ದದ ಕೇಬಲ್ ಹೊರಟು ನಾಲ್ಕು ಆಂಟೆನಾಗಳ ರೂಟರ್‌ಗೆ ಹೋಗುತ್ತದೆ. ರೂಟರ್‌ನ ಎದುರಿಗೇ ಮೊಬೈಲ್ ಹಿಡಿದು ಪರೀಕ್ಷಿಸಿದರೆ 85ರಿಂದ 92ರವರೆಗೆ ತೋರಿಸುತ್ತದೆ. ಅದಕ್ಕಿಂತ ಮೇಲೆ ಒಂದು ದಿನವೂ ಹೋಗಿಲ್ಲ. ಹಿಂದಿನ ಕೋಣೆಯಲ್ಲಿ 6 ಅಥವಾ 8. ರಾತ್ರಿ ಎಂಟು ಗಂಟೆಯ ನಂತರ ಅಲ್ಲಿ 2ಕ್ಕೂ ಇಳಿದದ್ದನ್ನು ನಾನೇ ನೋಡಿದ್ದೇನೆ.

ಕಳೆದ ವಾರ ಮಗಳು ವಿಡಿಯೋ ಸಭೆಯಲ್ಲಿದ್ದಾಗ ಅವಳ ಮಾತು ನಡುನಡುವೆ ಕಡಿದುಹೋಗತೊಡಗಿ, ಅವಳು ಲ್ಯಾಪ್‌ಟಾಪ್ ಎತ್ತಿಕೊಂಡು ಪಡಸಾಲೆಗೆ ಓಡಿಬಂದು ರೂಟರ್‌ನ ಬುಡದಲ್ಲಿ ನೆಲದ ಮೇಲೆ ಕುಳಿತಳು. ಕುಕ್ಕರಿನ ಸಿಳ್ಳು ಸಭೆಗೆ ಕೇಳಿಸಬಾರದೆಂದು ನಾನು ಒಲೆ ಆರಿಸಿ, ಅಡುಗೆಮನೆಯ ಬಾಗಿಲು ಹಾಕಿಕೊಂಡು ಒಂದು ಗಂಟೆ ಒಳಗೇ ಇದ್ದೆ. ಮಗ ಕೆ.ಎ.ಎಸ್. ಪರೀಕ್ಷೆಗೆ ಓದುತ್ತಿದ್ದಾನೆ, ಹಗಲು ಸಪ್ತಾಪುರದ ತರಬೇತಿ ಕೇಂದ್ರಕ್ಕೆ ಹೋಗಿ ಬಂದರೆ ರಾತ್ರಿ ನಡುಮನೆಯಲ್ಲಿ ಕುಳಿತು ಆನ್‌ಲೈನ್ ಪಾಠಗಳನ್ನು ನೋಡುತ್ತಾನೆ. ಅವನದೂ ಇದೇ ದೂರು.

ಸಂಪರ್ಕ ಕೊಟ್ಟವರನ್ನು ಕೇಳಿದರೆ 300ರ ಯೋಜನೆ ತೆಗೆದುಕೊಳ್ಳಿ ಎನ್ನುತ್ತಾರೆ. ಹುಬ್ಬಳ್ಳಿಯ ಅಂಗಡಿಯೊಂದರಲ್ಲಿ ವಿಚಾರಿಸಿದಾಗ ಮೂರು ಪೆಟ್ಟಿಗೆಗಳ ಮೆಶ್ ಸೆಟ್ (ಮನೆಯ ಹಲವು ಕಡೆ ಇಟ್ಟು ಒಂದೇ ವೈಫೈ ಹರಡುವ ಪೆಟ್ಟಿಗೆಗಳು) ಹಾಕಿಸಿ, ಹದಿನಾಲ್ಕು ಸಾವಿರ ಆಗುತ್ತದೆ ಎಂದರು. ನಮ್ಮ ಅಳಿಯಂದಿರು ಕೊಳ್ಳುವುದಾದರೆ ಹೊಸ ಪೀಳಿಗೆಯ ವೈಫೈ 7ನ್ನೇ ಕೊಳ್ಳಿರಿ ಎಂದು ಫೋನಿನಲ್ಲಿ ಹೇಳಿದರು. ನಾನು ನಿವೃತ್ತ ಪ್ರೌಢಶಾಲಾ ಶಿಕ್ಷಕಿ. ಖರ್ಚು ಮಾಡಲು ಹಿಂಜರಿಯುತ್ತಿಲ್ಲ, ಆದರೆ ಮೂರು ಜನ ಮೂರು ಮಾತು ಹೇಳುವಾಗ ಯಾವುದಕ್ಕೆ ಹಣ ಹಾಕಬೇಕು ಎಂಬುದು ತಿಳಿಯುತ್ತಿಲ್ಲ. ಬಲ್ಲವರು ದಯವಿಟ್ಟು ಹೇಳಬೇಕು.


ವಿದ್ಯಾನಗರ ವಾಸಿ, ಹುಬ್ಬಳ್ಳಿ

ಅಕ್ಕನವರೇ, ನಮಸ್ಕಾರ. ಇನ್ನೊಂದು ವಾರ ಏನನ್ನೂ ಕೊಳ್ಳಬೇಡಿ, ಯೋಜನೆಯನ್ನೂ ಬದಲಿಸಬೇಡಿ. ನಿಮಗೆ ಸಲಹೆ ಕೊಟ್ಟ ಮೂವರಲ್ಲಿ ಒಬ್ಬರೂ ನಿಮ್ಮ ಮನೆಯಲ್ಲಿ ವೇಗ ಎಲ್ಲಿ ಕಳೆದುಹೋಗುತ್ತಿದೆ ಎಂಬುದನ್ನು ಅಳೆದು ನೋಡಿಲ್ಲ.

ಇಂಟರ್‌ನೆಟ್ ನಿಮ್ಮ ಮಗಳ ಲ್ಯಾಪ್‌ಟಾಪ್ ತಲುಪುವ ಹೊತ್ತಿಗೆ ಮೂರು ಹಾದಿಗಳನ್ನು ದಾಟಿರುತ್ತದೆ. ಓಣಿಯ ಕಂಬದಿಂದ ಬಿಳಿ ಪೆಟ್ಟಿಗೆಯವರೆಗಿನ ಫೈಬರ್ ಒಂದು, ಬಿಳಿ ಪೆಟ್ಟಿಗೆ, ರೂಟರ್ ಮತ್ತು ಅವೆರಡನ್ನು ಜೋಡಿಸುವ ಕೇಬಲ್ ಇನ್ನೊಂದು, ರೂಟರ್‌ನಿಂದ ಲ್ಯಾಪ್‌ಟಾಪ್‌ವರೆಗೆ ಗಾಳಿಯಲ್ಲಿ ಹೋಗುವ ವೈಫೈ ಮೂರನೆಯದು. ದೋಷ ಮೊದಲನೆಯದರಲ್ಲಿದ್ದರೆ ನೀವು ಎಷ್ಟು ಬೆಲೆಯ ರೂಟರ್ ತಂದರೂ ಉಪಯೋಗವಿಲ್ಲ; ಮೂರನೆಯದರಲ್ಲಿದ್ದರೆ ಯೋಜನೆಯನ್ನು 300ಕ್ಕಲ್ಲ, 1000ಕ್ಕೆ ಏರಿಸಿದರೂ ಹಿಂದಿನ ಕೋಣೆಯಲ್ಲಿ ಅದೇ 8 ಬರುತ್ತದೆ.

ಆದ್ದರಿಂದ ಮೊದಲು ಗಾಳಿಯನ್ನು ಲೆಕ್ಕದಿಂದ ತೆಗೆದುಹಾಕಿ. ಲ್ಯಾಪ್‌ಟಾಪನ್ನು ಒಂದು ಕೇಬಲ್‌ನಿಂದ ರೂಟರ್‌ನ ಲ್ಯಾನ್ ಪೋರ್ಟಿಗೆ (ಮನೆಯ ಉಪಕರಣಗಳ ಕೇಬಲ್ ಚುಚ್ಚುವ ಕಿಂಡಿಗೆ) ಜೋಡಿಸಿ, ಲ್ಯಾಪ್‌ಟಾಪ್‌ನ ವೈಫೈ ಆರಿಸಿ, ಮನೆಯ ಉಳಿದ ಮೊಬೈಲ್ ಮತ್ತು ಟಿವಿಗಳನ್ನೂ ಆ ಐದು ನಿಮಿಷ ಇಂಟರ್‌ನೆಟ್ಟಿನಿಂದ ದೂರವಿಟ್ಟು ವೇಗ ಪರೀಕ್ಷಿಸಿ. ಬೆಳಗಿನ ಆರಕ್ಕೆ ಒಮ್ಮೆ, ಮಧ್ಯಾಹ್ನ ಒಮ್ಮೆ, ರಾತ್ರಿ ಒಂಬತ್ತೂವರೆಗೆ ಒಮ್ಮೆ, ಎರಡು ಮೂರು ದಿನ ಮಾಡಿ ಒಂದು ಕಾಗದದಲ್ಲಿ ಬರೆದಿಡಿ. ಇಳಿಕೆ (ಡೌನ್‌ಲೋಡ್), ಏರಿಕೆ (ಅಪ್‌ಲೋಡ್), ಪಿಂಗ್ (ಉತ್ತರ ಮರಳಿ ಬರಲು ಹಿಡಿಯುವ ಸಮಯ) ಮೂರನ್ನೂ ಬರೆಯಿರಿ. ಬೆಳಗ್ಗೆ ಚೆನ್ನಾಗಿದ್ದು ರಾತ್ರಿ ಕೇಬಲ್‌ನಲ್ಲೂ ವೇಗ ಕುಸಿದರೆ ದೋಷ ಹೊರಗಿನದು. ಮೂರೂ ಹೊತ್ತು ಒಂದೇ ಸಮ ಬಂದರೆ ದೋಷ ಮನೆಯೊಳಗಿನದು.

ಇನ್ನೊಂದು ಮಾತು. ಐದು ಜನರ ಮನೆಗೆ ಎಷ್ಟು ವೇಗ ಬೇಕು ಎಂಬುದನ್ನು ನಾವು ಸಾಮಾನ್ಯವಾಗಿ ಅತಿಯಾಗಿ ಊಹಿಸುತ್ತೇವೆ. ಎಚ್‌ಡಿ ಗುಣಮಟ್ಟದ ವಿಡಿಯೋಗೆ ಸುಮಾರು 5 ಎಂಬಿಪಿಎಸ್, ವಿಡಿಯೋ ಸಭೆಗೆ 3ರಿಂದ 4, ದೊಡ್ಡ ಟಿವಿಯಲ್ಲಿ 4ಕೆ ಚಿತ್ರ ನೋಡಿದರೆ 15ರಿಂದ 25. ಎಲ್ಲರೂ ಒಟ್ಟಿಗೆ ಕುಳಿತರೂ ನಿಮ್ಮ ಮನೆಯಲ್ಲಿ 60 ದಾಟುವುದು ಕಷ್ಟ. ಡೌನ್‌ಲೋಡ್ ಮಾಡುವಾಗ ಕಂಪ್ಯೂಟರ್ ಮೆಗಾಬೈಟ್ ಲೆಕ್ಕದಲ್ಲಿ ತೋರಿಸುತ್ತದೆ ಎಂಬುದೂ ನೆನಪಿರಲಿ. ಎಂಟು ಬಿಟ್‌ಗೆ ಒಂದು ಬೈಟ್ ಆದ್ದರಿಂದ 100 ಎಂಬಿಪಿಎಸ್ ಸಂಪರ್ಕದಲ್ಲಿ ಸೆಕೆಂಡಿಗೆ 12.5 ಮೆಗಾಬೈಟ್ ಬಂದರೆ ಅದು ಪೂರ್ತಿ ವೇಗವೇ. 12 ಮಾತ್ರ ಬರುತ್ತಿದೆ ಎಂದು ಗಾಬರಿಯಾದವರನ್ನು ನಾನು ಬಹಳ ಜನರನ್ನು ನೋಡಿದ್ದೇನೆ.


ಬೆಟಗೇರಿ ನೆಟ್‌ವರ್ಕ್, ಗದಗ

ಮೇಲಿನ ಸರ್ ಹೇಳಿದ ಪರೀಕ್ಷೆಯನ್ನು ಖಂಡಿತ ಮಾಡಿ. ಆದರೆ ಅಕ್ಕನವರು ಬರೆದ ಒಂದು ಅಂಕಿ ಈಗಲೇ ಅರ್ಧ ರೋಗವನ್ನು ಹೇಳುತ್ತಿದೆ. 200ರ ಯೋಜನೆ ಇದ್ದರೂ ರೂಟರ್‌ನ ಎದುರಿಗೇ 92ಕ್ಕಿಂತ ಮೇಲೆ ಒಂದು ದಿನವೂ ಹೋಗಿಲ್ಲ ಎಂದಿದ್ದೀರಿ. ವೈಫೈ ದುರ್ಬಲವಾಗಿದ್ದರೆ ಅಂಕಿ ಒಮ್ಮೆ 120, ಒಮ್ಮೆ 70 ಎಂದು ಏರಿಳಿಯುತ್ತಿತ್ತು. ಪ್ರತಿ ಸಲವೂ 90ರ ಆಸುಪಾಸಿನಲ್ಲೇ ತಲೆ ತಾಗಿ ನಿಲ್ಲುತ್ತಿದೆ ಎಂದರೆ ಹಾದಿಯಲ್ಲಿ ಎಲ್ಲೋ 100 ಎಂಬಿಪಿಎಸ್‌ನ ತಡೆ ಇದೆ. ಹಳೆಯ ಫಾಸ್ಟ್ ಈಥರ್‌ನೆಟ್ ಪೋರ್ಟಿನ ಗರಿಷ್ಠ ವೇಗ 100. ಮಾಹಿತಿಯನ್ನು ಕಟ್ಟಿ ಕಳಿಸುವ ಖರ್ಚು ಕಳೆದರೆ ಪರೀಕ್ಷೆಯಲ್ಲಿ ಕಾಣುವುದು 94 ಅಥವಾ 95. ಕೇಬಲ್ ಪರೀಕ್ಷೆಯಲ್ಲಿ ನಿಮಗೆ 94 ಬಂದರೆ ನನ್ನ ಮಾತು ನಿಜವೆಂದು ತಿಳಿಯಿರಿ.

ಈ ತಡೆ ಎರಡು ಕಡೆ ಇರಬಹುದು. ಒಂದು, ರೂಟರ್‌ನ ಪೋರ್ಟುಗಳೇ 100ರವು. ಆಂಟೆನಾ ನಾಲ್ಕಿರಲಿ, ಆರಿರಲಿ, ಪೆಟ್ಟಿಗೆಯ ಮೇಲೆ ದೊಡ್ಡ ಅಕ್ಷರದಲ್ಲಿ ಎಸಿ 1200 ಎಂದು ಬರೆದಿರಲಿ, ಕೆಳಮಟ್ಟದ ಬೆಲೆಯ ಬಹಳಷ್ಟು ರೂಟರ್‌ಗಳಲ್ಲಿ ತಂತಿಯ ಪೋರ್ಟು 10/100 ಮಾತ್ರ. ಆ 1200 ಎಂಬುದು ವೈಫೈಯ ಎರಡು ತರಂಗ ಪಟ್ಟಿಗಳಾದ 2.4 ಗಿಗಾಹರ್ಟ್ಸ್‌ನ 300 ಮತ್ತು 5 ಗಿಗಾಹರ್ಟ್ಸ್‌ನ 867 ಎರಡನ್ನೂ ಕೂಡಿಸಿ, ಸ್ವಲ್ಪ ಮೇಲಕ್ಕೆ ಏರಿಸಿ ಹೇಳುವ ಸಂಖ್ಯೆ. ಯಾವ ಮೊಬೈಲಿಗೂ ಅಷ್ಟು ಸಿಗುವುದಿಲ್ಲ. ರೂಟರ್ ತಿರುಗಿಸಿ ತಳದ ಚೀಟಿಯಲ್ಲಿರುವ ಮಾದರಿ ಸಂಖ್ಯೆಯನ್ನು ಹುಡುಕಿ, ಪೋರ್ಟಿನ ವಿವರದಲ್ಲಿ 10/100/1000 ಎಂದಿದೆಯೋ ಬರೀ 10/100 ಎಂದಿದೆಯೋ ನೋಡಿ.

ಎರಡನೆಯದು ಕೇಬಲ್. ನಮ್ಮ ಅಣ್ಣನ ಮನೆಯಲ್ಲಿ ಇದೇ ತೊಂದರೆಯಾಗಿ ಎರಡು ಸಲ ರೂಟರ್ ಬದಲಿಸಿದ್ದರು. ನಾನು ಹೋಗಿ ಗೋಡೆಯ ಜಾಕ್ ಬಿಚ್ಚಿ ನೋಡಿದೆ. ಕೇಬಲ್‌ನ ಎಂಟು ಎಳೆಗಳಲ್ಲಿ ಕಿತ್ತಳೆ, ಕಿತ್ತಳೆ-ಬಿಳಿ, ಹಸಿರು, ಹಸಿರು-ಬಿಳಿ ನಾಲ್ಕನ್ನು ಮಾತ್ರ ಜಾಕಿಗೆ ಒತ್ತಿ ಕೂರಿಸಿದ್ದರು. ನೀಲಿ ಮತ್ತು ಕಂದು ಜೋಡಿಗಳನ್ನು ಮೊಂಡಾಗಿ ಕತ್ತರಿಸಿ ಕವಚದ ಮೇಲೆ ಹಿಂದಕ್ಕೆ ಮಡಚಿ, ಕರಿ ಟೇಪು ಸುತ್ತಿದ್ದರು. ನಾಲ್ಕು ಎಳೆಗಳಲ್ಲಿ 100 ಎಂಬಿಪಿಎಸ್ ಸರಾಗವಾಗಿ ಹರಿಯುತ್ತದೆ, ಆದ್ದರಿಂದ ಇಂಟರ್‌ನೆಟ್ ನಡೆಯುತ್ತಿತ್ತು ಮತ್ತು ಯಾರಿಗೂ ಅನುಮಾನ ಬಂದಿರಲಿಲ್ಲ; ಗಿಗಾಬಿಟ್‌ಗೆ, ಅಂದರೆ 1000 ಎಂಬಿಪಿಎಸ್‌ಗೆ, ಎಂಟೂ ಎಳೆಗಳು ಬೇಕು. ಇಪ್ಪತ್ತು ನಿಮಿಷದ ಕೆಲಸದಲ್ಲಿ ಅದು ಸರಿಹೋಯಿತು. ಎರಡು ರೂಟರ್‌ಗಳ ಹಣ ಸುಮ್ಮನೆ ಹೋದದ್ದನ್ನು ನೆನೆದರೆ ನನಗೆ ಇಂದಿಗೂ ನೋವಾಗುತ್ತದೆ.

ವಿಂಡೋಸ್ ಲ್ಯಾಪ್‌ಟಾಪ್ ಆಗಿದ್ದರೆ ಕೇಬಲ್ ಜೋಡಿಸಿದಾಗ ನೆಟ್‌ವರ್ಕ್ ಸೆಟ್ಟಿಂಗ್ಸ್‌ನಲ್ಲಿ ಲಿಂಕ್ ಸ್ಪೀಡ್ ಎಂದು ತೋರಿಸುತ್ತದೆ. ಅಲ್ಲಿ 100 ಇದೆಯೋ 1000 ಇದೆಯೋ ಅದನ್ನೂ ಬರೆಯಿರಿ. ಸಾಧ್ಯವಾದರೆ ಬಿಳಿ ಪೆಟ್ಟಿಗೆಗೇ ಬೆಳಕಿನ ಬಲ ಎಷ್ಟು ಬರುತ್ತಿದೆ ಎಂದು ಸಂಪರ್ಕ ಕೊಟ್ಟವರನ್ನು ಕೇಳಿ. ಅವರ ಕಂಪ್ಯೂಟರಿನಲ್ಲಿ ಅದು ಕಾಣುತ್ತದೆ. -18, -20 ಡಿಬಿಎಂ ಇದ್ದರೆ ಚಿಂತೆಯಿಲ್ಲ. -27ರ ಹತ್ತಿರ ಹೋದರೆ ಅದು ಪೆಟ್ಟಿಗೆ ಓದಬಲ್ಲ ಬೆಳಕಿನ ಅಂಚು. ಪ್ರತಿ 3 ಡಿಬಿ ಇಳಿದಂತೆ ಬೆಳಕು ಅರ್ಧಕ್ಕೆ ಇಳಿಯುತ್ತದೆ. ಬಾಗಿಲ ಸಂದಿಯಲ್ಲಿ ಫೈಬರ್ ಚೂಪಾಗಿ ಬಾಗಿದ್ದರೂ ಸಾಕು, ಬೆಳಕು ಅಲ್ಲಿಯೇ ಸೋರಿಹೋಗುತ್ತದೆ.


ಮಾಳಮಡ್ಡಿ ಹಳೆಮನೆ, ಧಾರವಾಡ

ಇಬ್ಬರಿಗೂ ಅನಂತ ಧನ್ಯವಾದಗಳು. ಮೂರು ದಿನ ನಾನು ಮತ್ತು ಮಗ ಕುಳಿತು ಅಳೆದೆವು. ಅಂಕಿಗಳು ಹೀಗಿವೆ.

ಕೇಬಲ್‌ನಲ್ಲಿ ಬೆಳಗಿನ ಆರಕ್ಕೆ 94.1, ಮಧ್ಯಾಹ್ನ 94.3, ರಾತ್ರಿ ಒಂಬತ್ತೂವರೆಗೆ 93.6. ಮೂರು ದಿನವೂ ದಶಾಂಶದಲ್ಲಿ ಮಾತ್ರ ವ್ಯತ್ಯಾಸ. ಪಿಂಗ್ ಯಾವಾಗಲೂ 10 ಮಿಲಿಸೆಕೆಂಡಿನ ಒಳಗೆ. ಲಿಂಕ್ ಸ್ಪೀಡ್ 100 ಎಂದೇ ತೋರಿಸುತ್ತದೆ. ರೂಟರ್‌ನ ಮಾದರಿ ಸಂಖ್ಯೆ ಹುಡುಕಿದಾಗ ಎಲ್ಲ ಪೋರ್ಟುಗಳೂ 10/100 ಎಂದು ಕಂಡಿತು. ಆಮೇಲೆ ಮಗ ಸಂಪರ್ಕ ಕೊಟ್ಟವರ ಹುಡುಗನನ್ನು ಕರೆಸಿ ಬಿಳಿ ಪೆಟ್ಟಿಗೆಗೇ ನೇರವಾಗಿ ಲ್ಯಾಪ್‌ಟಾಪ್ ಜೋಡಿಸಿ ನೋಡಿದ. ಅಲ್ಲಿ 196 ಬಂದಿತು. ಬೆಳಕು -19.4.

ಅಂದರೆ ಎಂಟು ತಿಂಗಳಿಂದ ನಾವು 200ಕ್ಕೆ ಹಣ ಕಟ್ಟುತ್ತಾ 94 ಪಡೆಯುತ್ತಿದ್ದೆವು. 300ಕ್ಕೆ ಏರಿಸಿದ್ದರೆ 300ಕ್ಕೆ ಹಣ ಕಟ್ಟುತ್ತಾ 94 ಪಡೆಯುತ್ತಿದ್ದೆವು. ಇದನ್ನು ಯೋಜನೆ ಏರಿಸುವಾಗಲೇ ಯಾರಾದರೂ ಒಂದು ಮಾತು ಹೇಳಿದ್ದರೆ ಎಷ್ಟು ಚೆನ್ನಾಗಿತ್ತು.

ಆದರೆ ನನ್ನ ಮುಖ್ಯ ತೊಂದರೆ ಇನ್ನೂ ಹಾಗೆಯೇ ಇದೆ. ಪಡಸಾಲೆಯಲ್ಲಿ ರಾತ್ರಿಯೂ 94 ಇರುವಾಗ ಹಿಂದಿನ ಕೋಣೆಯಲ್ಲಿ ಹಗಲು 8 ಇದ್ದದ್ದು ರಾತ್ರಿ 2 ಆಗುವುದೇಕೆ? ಗೋಡೆಗಳು ರಾತ್ರಿ ದಪ್ಪವಾಗುವುದಿಲ್ಲವಲ್ಲ. ಮರೆತಿದ್ದ ಒಂದು ವಿಷಯ: ಹಿತ್ತಲ ಗೇಟಿನ ಬಳಿ ಎರಡು ವೈಫೈ ಕ್ಯಾಮೆರಾಗಳಿವೆ, ಅವೂ ಪಡಸಾಲೆಯ ಈ ರೂಟರ್‌ಗೇ ಜೋಡಣೆಯಾಗಿವೆ.


ವಿದ್ಯಾನಗರ ವಾಸಿ, ಹುಬ್ಬಳ್ಳಿ

ಅಕ್ಕನವರೇ, ಇಷ್ಟು ಅಚ್ಚುಕಟ್ಟಾಗಿ ಅಳೆದು ಬರೆದವರನ್ನು ನಾನು ಇಲ್ಲಿ ಕಂಡದ್ದು ಕಡಿಮೆ. ನಿಮ್ಮ ಫೈಬರ್ ಆರೋಗ್ಯವಾಗಿದೆ, ಅವರ ಕಡೆ ರಾತ್ರಿಯ ದಟ್ಟಣೆಯೂ ಇಲ್ಲ. ಉಳಿದದ್ದು ಗಾಳಿ, ಮತ್ತು ನೀವು ಕೊನೆಯ ಸಾಲಿನಲ್ಲಿ ಹೇಳಿದ ಆ ಎರಡು ಕ್ಯಾಮೆರಾಗಳು.

ವೈಫೈಯಲ್ಲಿ ಒಂದು ಚಾನಲ್‌ನ ಮೇಲೆ ಒಂದು ಹೊತ್ತಿಗೆ ಒಬ್ಬರೇ ಮಾತನಾಡಬಹುದು, ಉಳಿದವರು ಕಾಯಬೇಕು. ನೀವು ಶಿಕ್ಷಕಿಯಾಗಿದ್ದವರು. ತರಗತಿಯಲ್ಲಿ ಎಲ್ಲರಿಗೂ ಸರದಿಯ ಮೇಲೆ ಒಂದೊಂದು ಪುಟ ಓದಲು ಹೇಳಿದಾಗ, ಅಕ್ಷರ ಕೂಡಿಸಿಕೊಂಡು ಓದುವ ಒಬ್ಬ ಹುಡುಗ ತನ್ನ ಒಂದು ಪುಟಕ್ಕೆ ಹತ್ತು ನಿಮಿಷ ತೆಗೆದುಕೊಂಡರೆ, ಸರಸರ ಓದಬಲ್ಲ ಹುಡುಗಿಯೂ ಆ ಹತ್ತು ನಿಮಿಷ ಸುಮ್ಮನೆ ಕೂರಬೇಕಾಗುತ್ತದೆ. ಸಂಕೇತ ದುರ್ಬಲವಾದಷ್ಟೂ ಉಪಕರಣವು ನಿಧಾನದ ದರಕ್ಕೆ ಇಳಿದು, ತಪ್ಪಿದ್ದನ್ನು ಮತ್ತೆ ಮತ್ತೆ ಕಳಿಸುತ್ತದೆ. ಮೂರು ಕಲ್ಲುಗೋಡೆಗಳ ಆಚೆಯಿಂದ ನಿಮ್ಮ ಕ್ಯಾಮೆರಾಗಳು ಕಳಿಸುವ ಮಾಹಿತಿ ತಲಾ 2 ಎಂಬಿಪಿಎಸ್ ಇದ್ದರೂ ಅವು ಕಬಳಿಸುವ ಸಮಯ ಬಹಳ ಹೆಚ್ಚು. ಕತ್ತಲಾದ ಮೇಲೆ ಕ್ಯಾಮೆರಾ ರಾತ್ರಿ ನೋಟಕ್ಕೆ ತಿರುಗಿದಾಗ ಚಿತ್ರದಲ್ಲಿ ಕಾಳುಕಾಳಾದ ಗದ್ದಲ ಹೆಚ್ಚುವುದರಿಂದ ಕಳಿಸಬೇಕಾದ ಮಾಹಿತಿಯೂ ಸಾಮಾನ್ಯವಾಗಿ ಹೆಚ್ಚುತ್ತದೆ. ಅದೇ ಹೊತ್ತಿಗೆ ಅಕ್ಕಪಕ್ಕದ ಮನೆಯವರೆಲ್ಲ ಕೆಲಸದಿಂದ ಬಂದು ತಮ್ಮ ಟಿವಿಗಳನ್ನು ಹಚ್ಚಿರುತ್ತಾರೆ. 2.4 ಗಿಗಾಹರ್ಟ್ಸ್‌ನಲ್ಲಿ ಒಂದಕ್ಕೊಂದು ತಾಗದ ಚಾನಲ್‌ಗಳು 1, 6, 11 ಮೂರೇ. ಮನೆಗಳು ಒತ್ತೊತ್ತಾಗಿರುವ ಓಣಿಯಲ್ಲಿ ಆ ಮೂರನ್ನು ಹತ್ತು ಹನ್ನೆರಡು ಮನೆಗಳು ಹಂಚಿಕೊಂಡಿರುತ್ತವೆ.

5 ಗಿಗಾಹರ್ಟ್ಸ್‌ನಲ್ಲಿ ಜಾಗ ಧಾರಾಳವಾಗಿದೆ. 2018ರಲ್ಲಿ ಸರ್ಕಾರ ಆ ತರಂಗ ಪಟ್ಟಿಯಲ್ಲಿ 605 ಮೆಗಾಹರ್ಟ್ಸ್‌ನಷ್ಟನ್ನು ಪರವಾನಗಿ ಇಲ್ಲದೆ ಬಳಸಲು ಬಿಟ್ಟಿತು. ಆದರೆ ಅದು ಕಲ್ಲುಗೋಡೆಯನ್ನು 2.4ರಷ್ಟೂ ದಾಟುವುದಿಲ್ಲ. ನಿಮ್ಮ ಮಗಳ ಲ್ಯಾಪ್‌ಟಾಪ್ ಹಿಂದಿನ ಕೋಣೆಯಲ್ಲಿ 5ನ್ನು ಹಿಡಿಯಲಾರದೆ 2.4ಕ್ಕೆ ಇಳಿದು, ಆ ಗದ್ದಲದಲ್ಲಿ ಸಿಕ್ಕಿಕೊಂಡಿದೆ. ವೈಫೈ 7 ಪೆಟ್ಟಿಗೆಯನ್ನು ಪಡಸಾಲೆಯಲ್ಲಿಟ್ಟರೂ ಈ ಭೌತಿಕ ನಿಯಮ ಬದಲಾಗುವುದಿಲ್ಲ. ಮೇಲಾಗಿ ಲ್ಯಾಪ್‌ಟಾಪ್ ಮತ್ತು ಮೊಬೈಲುಗಳೂ ವೈಫೈ 7ನವೇ ಆಗಿದ್ದರೆ ಮಾತ್ರ ಅದರ ಹೊಸ ಗುಣಗಳು ಉಪಯೋಗಕ್ಕೆ ಬರುತ್ತವೆ.

ನನ್ನ ಖಚಿತ ಅಭಿಪ್ರಾಯ: ಪಡಸಾಲೆಯಿಂದ ಹಿಂದಿನ ಕೋಣೆಗೆ ಒಂದು ಕ್ಯಾಟ್ 6 ದರ್ಜೆಯ ನೆಟ್‌ವರ್ಕ್ ಕೇಬಲ್ ಎಳೆಸಿ, ಅದರ ತುದಿಗೆ ಇನ್ನೊಂದು ವೈಫೈ ಪೆಟ್ಟಿಗೆ ಇಡಿ. ಮಗಳೂ ಕ್ಯಾಮೆರಾಗಳೂ ಅದಕ್ಕೆ ಜೋಡಣೆಯಾಗಲಿ.


ರಾಣೆಬೆನ್ನೂರು ಬಾಡಿಗೆಮನೆ, ಹಾವೇರಿ ಜಿಲ್ಲೆ

ವಿದ್ಯಾನಗರದವರ ವಿವರಣೆ ಸರಿಯಾಗಿದೆ, ಆದರೆ ಕೇಬಲ್ ಎಳೆಯುವುದು ಎಲ್ಲರಿಗೂ ಆಗುವ ಮಾತಲ್ಲ ಎಂದು ಹೇಳಬೇಕೆನಿಸಿತು. ನಾನು ಬಾಡಿಗೆ ಮನೆಯಲ್ಲಿದ್ದೇನೆ. ಮಾಲೀಕರು ಗೋಡೆಗೆ ಒಂದು ಮೊಳೆ ಹೊಡೆಯಲೂ ಒಪ್ಪುವುದಿಲ್ಲ. ಎರಡು ಪೆಟ್ಟಿಗೆಗಳ ಮೆಶ್ ತಂದು ಒಂದೂವರೆ ವರ್ಷದಿಂದ ತೃಪ್ತಿಯಿಂದ ಬಳಸುತ್ತಿದ್ದೇನೆ. ಹಳೆಯ ಮನೆಗಳಲ್ಲಿ ತಲೆಬಾಗಿಲಿನಿಂದ ಹಿತ್ತಲ ಬಾಗಿಲಿನವರೆಗೆ ಬಾಗಿಲುಗಳು ಒಂದೇ ಸಾಲಿನಲ್ಲಿರುವುದುಂಟು. ಅಕ್ಕನವರ ಮನೆಯೂ ಹಾಗಿದ್ದರೆ ಒಂದು ಪೆಟ್ಟಿಗೆಯನ್ನು ಪಡಸಾಲೆಯಲ್ಲಿ, ಇನ್ನೊಂದನ್ನು ಆ ಸಾಲಿಗೆ ನೇರವಾಗಿ ಅಡುಗೆಮನೆಯ ಆಚೆ ಇಟ್ಟರೆ ಸಂಕೇತ ಗೋಡೆಗಳನ್ನು ಬಿಟ್ಟು ಬಾಗಿಲುಗಳ ಮೂಲಕವೇ ಹೋಗುತ್ತದೆ. ಬಾಗಿಲು ಹಾಕಿದ್ದರೂ ಕಟ್ಟಿಗೆ ಕಲ್ಲಿನಷ್ಟು ತಡೆಯುವುದಿಲ್ಲ.

ವೈಫೈ ಸಂಕೇತವನ್ನು ಹಿಡಿದು ಮುಂದಕ್ಕೆ ಹರಡುವ ಕಡಿಮೆ ಬೆಲೆಯ ರಿಪೀಟರ್ ಮಾತ್ರ ಬೇಡ. ಅದು ಒಂದೇ ರೇಡಿಯೋದಲ್ಲಿ ಕೇಳಿಸಿಕೊಂಡು ಅದರಲ್ಲಿಯೇ ಮತ್ತೆ ಹೇಳಬೇಕಾದ್ದರಿಂದ ವೇಗ ಅರ್ಧಕ್ಕೆ ಇಳಿಯುತ್ತದೆ. ಮೊದಲು ಅದನ್ನೇ ತಂದು ಆರು ತಿಂಗಳು ಕಷ್ಟಪಟ್ಟೆ.

ಇದನ್ನು ಓದುತ್ತಿರುವ ಬೇರೆಯವರಲ್ಲಿ ಯಾರಿಗಾದರೂ ಕೇಬಲ್ ಪರೀಕ್ಷೆಯಲ್ಲೇ ರಾತ್ರಿ ವೇಗ ಕುಸಿಯುತ್ತಿದ್ದರೆ, ನನಗೂ ಹಾಗೆಯೇ ಆಗಿತ್ತು. ಬೆಳಗ್ಗೆ 98, ರಾತ್ರಿ 11. ಫೋನಿನಲ್ಲಿ ಜಗಳವಾಡುವುದನ್ನು ಬಿಟ್ಟು ಹತ್ತು ದಿನದ ಅಂಕಿಗಳನ್ನು ಬರೆದು, ದೂರು ದಾಖಲಿಸಿ, ದೂರಿನ ಸಂಖ್ಯೆ ಪಡೆದೆ. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್‌ನ 2012ರ ದೂರು ಪರಿಹಾರ ನಿಯಮಗಳ ಪ್ರಕಾರ ಅವರು ಆ ಸಂಖ್ಯೆ ಕೊಡಲೇಬೇಕು. ಪರಿಹಾರ ಸಿಗದಿದ್ದರೆ ಅದೇ ಸಂಸ್ಥೆಯ ಮೇಲ್ಮನವಿ ಪ್ರಾಧಿಕಾರಕ್ಕೆ ಶುಲ್ಕವಿಲ್ಲದೆ ಹೋಗಬಹುದು. ಮೇಲ್ಮನವಿ ಹಾಕಿದ ಮೇಲೆ ನನ್ನನ್ನು ಬೇರೆ ಮಾರ್ಗಕ್ಕೆ ಜೋಡಿಸಿದರು, ವೇಗ ಸರಿಹೋಯಿತು.


ಬೆಟಗೇರಿ ನೆಟ್‌ವರ್ಕ್, ಗದಗ

ರಾಣೆಬೆನ್ನೂರಿನವರ ಬಾಗಿಲು ಸಾಲಿನ ಉಪಾಯ ಒಳ್ಳೆಯದು, ಬಾಡಿಗೆ ಮನೆಗೆ ಅದೇ ಸರಿ. ಆದರೆ ಅಕ್ಕನವರದು ಸ್ವಂತ ಮನೆ. ಒಂದು ಸಲ ಎಳೆದ ತಾಮ್ರದ ಕೇಬಲ್ ಹದಿನೈದು ಇಪ್ಪತ್ತು ವರ್ಷ ಬರುತ್ತದೆ. ಈ ಅವಧಿಯಲ್ಲಿ ಪೆಟ್ಟಿಗೆಗಳು ಮೂರು ಸಲ ಬದಲಾಗಬಹುದು. ಗೋಡೆ ಕೊರೆಯಬೇಕಿಲ್ಲ. ತೊಲೆ-ಜಂತಿಯ ಮಾಳಿಗೆಯಾಗಿದ್ದರೆ ಬಾಗಿಲ ಚೌಕಟ್ಟಿನ ಮೇಲ್ಮೂಲೆಯಿಂದ ಹಾಯಿಸಿ, ತೊಲೆಯ ಪಕ್ಕಕ್ಕೆ ಕ್ಲಿಪ್ ಹೊಡೆದುಕೊಂಡು ಹೋದರೆ ಕಣ್ಣಿಗೂ ಬೀಳುವುದಿಲ್ಲ.

ಕೊಳ್ಳುವಾಗ ಪೂರ್ಣ ತಾಮ್ರದ ಕೇಬಲ್ ಎಂದು ಕೇಳಿ ಪಡೆಯಿರಿ. ಅಲ್ಯೂಮಿನಿಯಂ ಎಳೆಗೆ ತಾಮ್ರದ ಲೇಪ ಕೊಟ್ಟ ಅಗ್ಗದ ಕೇಬಲ್ ಕೂಡ ಕ್ಯಾಟ್ 6 ಎಂಬ ಹೆಸರಿನಲ್ಲೇ ಸಿಗುತ್ತದೆ. ಅದು ಬಾಗಿದಲ್ಲಿ ಮುರಿಯುತ್ತದೆ. ಬ್ಲೇಡಿನಿಂದ ಒಂದು ಎಳೆಯನ್ನು ಮೆಲ್ಲಗೆ ಕೆರೆದು ನೋಡಿ, ಒಳಗೆ ಬೆಳ್ಳಗೆ ಕಂಡರೆ ಹಿಂದಿರುಗಿಸಿ. ಕರೆಂಟಿನ ವೈರಿಗೆ ಅಂಟಿಕೊಂಡು ಎಳೆಯಬೇಡಿ, ಒಂದಡಿ ಅಂತರವಿರಲಿ. ಸುಲಭವೆಂದು ಕಾಂಪೌಂಡ್ ಗೋಡೆಯ ಮೇಲಿಂದ ಹೊರಗೆ ಎಳೆಸಲೇಬೇಡಿ. ಏಪ್ರಿಲ್ ಮೇ ತಿಂಗಳ ಗುಡುಗು ಮಳೆಯಲ್ಲಿ ಹತ್ತಿರ ಸಿಡಿಲು ಬಿದ್ದರೆ ಆ ತಾಮ್ರದ ಹಾದಿಯಲ್ಲೇ ಎರಡೂ ತುದಿಯ ಪೆಟ್ಟಿಗೆಗಳು ಸುಟ್ಟುಹೋಗಬಹುದು.

ಪೆಟ್ಟಿಗೆಗಳನ್ನು ಎರಡು ಕೊಳ್ಳಬೇಕಿಲ್ಲ. ಗಿಗಾಬಿಟ್ ಪೋರ್ಟುಗಳಿರುವ ಒಂದು ಸಾಧಾರಣ ವೈಫೈ 6 ರೂಟರ್ ತಂದು ಪಡಸಾಲೆಯಲ್ಲಿಡಿ. ಇಂದಿನ ಮೊಬೈಲು, ಲ್ಯಾಪ್‌ಟಾಪುಗಳಿಗೆ ಅದು ಸಾಕು. ಹಳೆಯದನ್ನು ಹಿಂದಿನ ಕೋಣೆಗೆ ಒಯ್ಯಿರಿ. ಅದರ ಪೋರ್ಟು 100ರದೇ ಆದರೂ ಆ ಕೋಣೆಗೆ 94 ತುಂಬಾ ಆಯಿತು. ಅದರ ಸೆಟ್ಟಿಂಗ್ಸ್‌ನಲ್ಲಿ ಆಕ್ಸೆಸ್ ಪಾಯಿಂಟ್ ಮೋಡ್ (ರೂಟರ್ ಕೆಲಸ ಬಿಟ್ಟು ವೈಫೈ ಮಾತ್ರ ಹರಡುವ ವಿಧಾನ) ಇದ್ದರೆ ಅದನ್ನೇ ಆಯ್ದುಕೊಳ್ಳಿ. ಇಲ್ಲದಿದ್ದರೆ ಅದಕ್ಕೆ ಹೊಸ ರೂಟರ್‌ನ ಸಾಲಿನಲ್ಲೇ ಬೇರೊಂದು ವಿಳಾಸ ಕೊಟ್ಟು, ಉಪಕರಣಗಳಿಗೆ ವಿಳಾಸ ಹಂಚುವ ಡಿಎಚ್‌ಸಿಪಿಯನ್ನು ನಿಲ್ಲಿಸಿ, ಕೇಬಲನ್ನು ಹೊರಗಿನ ಇಂಟರ್‌ನೆಟ್‌ಗೆಂದಿರುವ ನೀಲಿ ವ್ಯಾನ್ ಪೋರ್ಟಿಗೆ ಚುಚ್ಚದೆ ಲ್ಯಾನ್ ಪೋರ್ಟಿಗೆ ಚುಚ್ಚಿ. ಎರಡಕ್ಕೂ ಒಂದೇ ಹೆಸರು, ಒಂದೇ ಪಾಸ್‌ವರ್ಡ್ ಇರಲಿ; ಚಾನಲ್ ಮಾತ್ರ ಬೇರೆ, ಮುಂದೆ 1 ಇದ್ದರೆ ಹಿಂದೆ 11. 2.4ರ ಚಾನಲ್ ಅಗಲವನ್ನು 20 ಮೆಗಾಹರ್ಟ್ಸ್‌ಗೆ ಇಳಿಸಿ.


ಮಾಳಮಡ್ಡಿ ಹಳೆಮನೆ, ಧಾರವಾಡ

ಹದಿನೆಂಟು ದಿನಗಳ ನಂತರ ಬರೆಯುತ್ತಿದ್ದೇನೆ, ತಡವಾದದ್ದಕ್ಕೆ ಕ್ಷಮೆ ಇರಲಿ. ಬೆಟಗೇರಿಯವರು ಹೇಳಿದಂತೆಯೇ ಮಾಡಿಸಿದೆವು. ವೈಫೈ 6 ರೂಟರ್‌ಗೆ 3,900, ಮೂವತ್ತು ಮೀಟರ್ ತಾಮ್ರದ ಕೇಬಲ್‌ಗೆ 750, ಎಳೆದ ವೈರಮನ್‌ಗೆ 450, ಒಟ್ಟು 5,100 ರೂಪಾಯಿ ಖರ್ಚಾಯಿತು. ಅಂಗಡಿಯಲ್ಲಿ ಕೇಬಲ್‌ನ ತುದಿಯನ್ನು ನಾನೇ ಬ್ಲೇಡಿನಿಂದ ಕೆರೆದು ನೋಡಿದೆ. ಮೊದಲು ಕೊಟ್ಟದ್ದು ಒಳಗೆ ಬೆಳ್ಳಗಿತ್ತು. ಕೇಳಿದ ಮೇಲೆ ಒಳಗಿನಿಂದ ಬೇರೆ ಸುರುಳಿ ತಂದುಕೊಟ್ಟರು.

ನಡುಮನೆಯ ತೊಲೆಯ ಮೇಲೆ ಕೇಬಲ್ ಹಾಯಿಸುವಾಗ ವೈರಮನ್ ಏಣಿ ಹತ್ತಿ, ಹಳೆಯ ಪಿಂಗಾಣಿ ಗುಬ್ಬಿಗಳಿಗೆ ಬಿಗಿದ ಕರೆಂಟಿನ ವೈರು ಇನ್ನೂ ಅಲ್ಲೇ ಇದೆ ಎಂದು ತೋರಿಸಿದರು. ಅದರಿಂದ ದೂರವಾಗಿ ತೊಲೆಯ ಆಚೆ ಬದಿಯಲ್ಲಿ ಕ್ಲಿಪ್ ಹೊಡೆಸಿದೆವು. ಹಳೆಯ ರೂಟರ್‌ನಲ್ಲಿ ಆಕ್ಸೆಸ್ ಪಾಯಿಂಟ್ ಮೋಡ್ ಇತ್ತು, ಮಗ ಹತ್ತು ನಿಮಿಷದಲ್ಲಿ ಬದಲಿಸಿದ. ಎರಡು ಕ್ಯಾಮೆರಾಗಳೂ ಈಗ ಹಿಂದಿನ ಪೆಟ್ಟಿಗೆಗೆ ಜೋಡಣೆಯಾಗಿವೆ, ಅವುಗಳಿಗೂ ಅದಕ್ಕೂ ನಡುವೆ ಒಂದು ಕಿಟಕಿ ಮಾತ್ರ ಅಡ್ಡ.

ನಿನ್ನೆ ರಾತ್ರಿ ಒಂಬತ್ತೂವರೆಗೆ ಅಳೆದ ಅಂಕಿಗಳು: ಪಡಸಾಲೆಯಲ್ಲಿ ಮೊಬೈಲಿನಲ್ಲಿ 188, ನಡುಮನೆಯಲ್ಲಿ ಮಗ ಕೂರುವ ಜಾಗದಲ್ಲಿ 110, ಹಿಂದಿನ ಕೋಣೆಯಲ್ಲಿ 91. ಮಗಳು ಈ ವಾರ ನಾಲ್ಕು ಸಭೆಗಳನ್ನು ಅಲ್ಲೇ ಬಾಗಿಲು ಹಾಕಿಕೊಂಡು ಮುಗಿಸಿದಳು. ಒಂದರಲ್ಲೂ ಮಾತು ಕಡಿಯಲಿಲ್ಲ, ನಾನೂ ಒಲೆ ಆರಿಸಬೇಕಾಗಲಿಲ್ಲ.

ಈಗ 200 ನಿಜವಾಗಿಯೂ ಬರುತ್ತಿದೆ, ಆದರೆ ಒಂದು ವಾರ ರೂಟರ್‌ನ ಲೆಕ್ಕ ನೋಡಿದಾಗ ನಮ್ಮ ಬಳಕೆ ರಾತ್ರಿಯ ಹೊತ್ತಿನಲ್ಲೂ 45 ದಾಟಲಿಲ್ಲ. ಆದ್ದರಿಂದ ಮುಂದಿನ ತಿಂಗಳಿಂದ ಮತ್ತೆ 100ರ ಯೋಜನೆಗೇ ಹೋಗುವುದಾಗಿ ಸಂಪರ್ಕ ಕೊಟ್ಟವರಿಗೆ ತಿಳಿಸಿದ್ದೇನೆ. ತಿಂಗಳಿಗೆ 200 ರೂಪಾಯಿ ಉಳಿಯುತ್ತದೆ.

ಒಂದು ಸಣ್ಣ ಪ್ರಶ್ನೆ ಬಾಕಿ ಇದೆ. ಮಳೆಗಾಲದಲ್ಲಿ ಕರೆಂಟು ಹೋದಾಗ ಲ್ಯಾಪ್‌ಟಾಪ್ ನಡೆಯುತ್ತದೆ, ಇಂಟರ್‌ನೆಟ್ ನಿಲ್ಲುತ್ತದೆ. ಇದಕ್ಕೆ ದೊಡ್ಡ ಇನ್ವರ್ಟರ್ ಬೇಕೇ?


ವಿದ್ಯಾನಗರ ವಾಸಿ, ಹುಬ್ಬಳ್ಳಿ

ಬಹಳ ಸಂತೋಷವಾಯಿತು, ಅಕ್ಕನವರೇ. ಇನ್ವರ್ಟರ್ ಬೇಡ. ರೂಟರ್‌ಗಳಿಗೆಂದೇ ಕೈಯಗಲದ ಚಿಕ್ಕ ಡಿಸಿ ಯುಪಿಎಸ್ (ಬ್ಯಾಟರಿ ಪೆಟ್ಟಿಗೆ) ಸಿಗುತ್ತದೆ. ಕೊಳ್ಳುವ ಮೊದಲು ಮೂರೂ ಪೆಟ್ಟಿಗೆಗಳ ಅಡಾಪ್ಟರ್‌ಗಳ ಮೇಲೆ ಬರೆದಿರುವ ವೋಲ್ಟ್ ಮತ್ತು ಆಂಪಿಯರ್ ನೋಡಿಕೊಳ್ಳಿ. ಸಾಮಾನ್ಯವಾಗಿ 12 ವೋಲ್ಟ್ ಇರುತ್ತದೆ, ಹಳೆಯ ರೂಟರ್‌ನದು 9 ಕೂಡ ಇರಬಹುದು. ವೋಲ್ಟ್ ಸರಿಯಾಗಿ ಹೊಂದಬೇಕು, ಆಂಪಿಯರ್ ಕಡಿಮೆಯಾಗಬಾರದು. ಬಿಳಿ ಪೆಟ್ಟಿಗೆಯನ್ನು ಮರೆತು ಬರೀ ರೂಟರ್‌ಗೆ ಯುಪಿಎಸ್ ಹಾಕಿದರೆ ವೈಫೈ ಕಾಣುತ್ತದೆ, ಇಂಟರ್‌ನೆಟ್ ಬರುವುದಿಲ್ಲ; ಆದ್ದರಿಂದ ಪಡಸಾಲೆಯ ಎರಡಕ್ಕೂ ಒಂದು, ಹಿಂದಿನ ಕೋಣೆಗೆ ಇನ್ನೊಂದು ಬೇಕಾಗುತ್ತದೆ. ಕರೆಂಟು ಹೋದಾಗ ಓಣಿಯ ಕಡೆಯ ಅವರ ಉಪಕರಣಕ್ಕೂ ಬ್ಯಾಟರಿ ಇದೆಯೇ ಎಂದು ಸಂಪರ್ಕ ಕೊಟ್ಟವರನ್ನು ಮೊದಲೇ ಕೇಳಿ, ಇದೆ ಎಂದರೆ ಮಾತ್ರ ಕೊಳ್ಳಿ.